ಹಾಕಿದ ತೋಟೆ ಎಲ್ಲಿ ಹೋಯಿತು?

ಕೋವಿಯ ಲೆಕ್ಕದಲ್ಲಿ ಇಪ್ಪತ್ತು ಹನ್ನೆರಡಕ್ಕಿಂತ ಚಿಕ್ಕದು! ಈ ತಲೆಕೆಳಗಾದ ಗಣಿತವನ್ನರಿಯದ ಕೈಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ಸಿಡಿದು ಚೂರಾಗುವುದಕ್ಕೆ ಒಂದೇ ಒಂದು ತಪ್ಪು ತೋಟೆ ಸಾಕು. ಆಯುಧಪೂಜೆಯ ಹೊಸ್ತಿಲಲ್ಲಿ, ದೊಡ್ಡಬೆಳವಂಗಲದ ರಾಗಿ ಹೊಲದಿಂದ ಒಂದು ನೆನಪು, ಒಂದು ಎಚ್ಚರಿಕೆ.

ರಾಗಿಯ ತೆನೆ ತುಂಬಿ ಬಾಗಿ, ಅಕ್ಕಡಿಯ ಅವರೆ ಹೂಬಿಟ್ಟು, ಅದರ ಸೊಗಡು ಇಬ್ಬನಿಯೊಡನೆ ಬೆರೆತು ಬಯಲನ್ನೆಲ್ಲ ವ್ಯಾಪಿಸಿದ್ದ ಕಾರ್ತಿಕದ ಒಂದು ರಾತ್ರಿ, ದೊಡ್ಡಬೆಳವಂಗಲದ ಹೊರಗೆ ನನ್ನ ಸೋದರಮಾವನ ಹೊಲದಲ್ಲಿ, ನಾಲ್ಕು ಕಂಬಗಳ ಮೇಲೆ ಹಲಗೆ ಹಾಸಿ ಕಟ್ಟಿದ್ದ ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಮೂವರು ಕುಳಿತಿದ್ದೆವು. ಮಾವ ಒಬ್ಬರು, ಪಕ್ಕದ ಹೊಲದ ಮುದುಕರು, ಹಿಂದೆ ಯಾವುದೋ ಪಟಾಲಮಿನಲ್ಲಿದ್ದು ಬಂದವರು, ಇನ್ನೊಬ್ಬರು, ಹನ್ನೆರಡು ವರ್ಷದ ನಾನು ಮೂರನೆಯವನು.

ಹಂದಿಯ ಹಿಂಡು ಬಂದದ್ದು ನಡುರಾತ್ರಿಯ ಮೇಲೆ. ತೆನೆಗಳು ಮುರಿಯುವ ಚರಚರ ಸದ್ದು ಕಿವಿಗೆ ಬಿದ್ದೊಡನೆ ಮಾವ, ಸಂಜೆಯೇ ತೋಟೆ ತುಂಬಿಟ್ಟಿದ್ದ ಜೋಡುನಳಿಗೆಯನ್ನು ಎತ್ತಿ ಆಕಾಶಕ್ಕೆ ಹಿಡಿದು ಕುದುರೆಯನ್ನೆಳೆದರು. ಈಡು ಹಾರಲಿಲ್ಲ. ಟಕ್ ಎಂದಿತು, ಅಷ್ಟೆ.

ಅವರು ನಳಿಗೆಯನ್ನು ಮಡಿಸಿ ಕತ್ತಲಲ್ಲಿಯೇ ಬೆರಳಿಟ್ಟು ತಡವಿದರು. ತೋಟೆಯ ಮನೆ ಬರಿದಾಗಿತ್ತು. ಗಡಿಬಿಡಿಯಲ್ಲಿ ತುಂಬುವುದನ್ನೇ ಮರೆತೆನೆಂದು ಗೊಣಗುತ್ತ ಅವರು ತಗಡಿನ ಬಿಸ್ಕತ್ತು ಡಬ್ಬಕ್ಕೆ ಕೈಹಾಕಿ ಇನ್ನೊಂದು ತೋಟೆಯನ್ನು ತೆಗೆದು, ಅದನ್ನು ಒಳಕ್ಕೆ ತಳ್ಳುವಷ್ಟರಲ್ಲಿ, ಮುದುಕರ ಕೈ ಅವರ ಮಣಿಕಟ್ಟಿನ ಮೇಲೆ ಬಿತ್ತು.

"ತಡೀಯಪ್ಪ. ಸಂಜೆ ಹಾಕಿದ್ದು ನಾನೇ ಕಣ್ಣಾರೆ ನೋಡಿದೀನಿ. ಈಡು ಹಾರಿಲ್ಲ, ಹೊರೀಕೂ ಬಂದಿಲ್ಲ. ಹಂಗಾರೆ ಅದು ಎಲ್ಲೋಯ್ತು? ಮೊದ್ಲು ಬ್ಯಾಟ್ರಿ ಬಿಟ್ಟು ನಳಿಗೆ ಒಳೀಕೆ ನೋಡು."

ಬ್ಯಾಟರಿಯ ಬೆಳಕು ಬಿದ್ದಾಗ, ಬಲನಳಿಗೆಯೊಳಗೆ ಗೇಣಿಗಿಂತಲೂ ಕಡಿಮೆ ಆಳದಲ್ಲಿ, ಹಿತ್ತಾಳೆಯ ಬಿಲ್ಲೆಯೊಂದು ಹುಲಿಯ ಕಣ್ಣಿನಂತೆ ಹೊಳೆಯಿತು. ಅದು ಸಂಜೆ ಹಾಕಿದ್ದ ತೋಟೆ. ತನ್ನ ಮನೆಯಲ್ಲಿ ನಿಲ್ಲದೆ ಮುಂದಕ್ಕೆ ಜಾರಿ, ನಳಿಗೆ ಕಿರಿದಾಗುವ ಕೊರಳಿನಲ್ಲಿ ಸಿಕ್ಕಿಕೊಂಡು, ಬಿರಡೆಯಂತೆ ಕುಳಿತಿತ್ತು. ಮಾವನ ಕೈಯಲ್ಲಿದ್ದ ಎರಡನೆಯ ತೋಟೆ ಅದರ ಹಿಂದೆ ಸರಿಯಾಗಿ ಕೂರುತ್ತಿತ್ತು. ಕುದುರೆಯನ್ನೆಳೆದಿದ್ದರೆ ಅದು ಹಾರಿಯೂ ಹಾರುತ್ತಿತ್ತು. ಮುಂದಿನ ದಾರಿ ಮಾತ್ರ ಮುಚ್ಚಿತ್ತು.

ಮಾವ ಆ ರಾತ್ರಿ ಮತ್ತೆ ಕೋವಿಯನ್ನು ಮುಟ್ಟಲಿಲ್ಲ. ಹಂದಿಗಳನ್ನು ತಮಟೆ ಬಡಿದು ಓಡಿಸಿದೆವು. ಅವರ ಎಡಗೈ ಬೆಳಗಿನವರೆಗೂ ನಡುಗುತ್ತಿದ್ದುದನ್ನು ನಾನು ನೋಡಿದ್ದೇನೆ.

ಎರಡು ಅಳತೆಗಳ ತೋಟೆ, ಒಂದು ಡಬ್ಬ

ನಡೆದದ್ದು ಇಷ್ಟು. ನಮ್ಮ ಅಜ್ಜನ ಕಾಲದಿಂದ ಬಂದಿದ್ದ ಆ ಕೋವಿ 12 ಬೋರಿನದು. ಮಲೆನಾಡಿನ ಕಾಫಿ ತೋಟವೊಂದರಲ್ಲಿದ್ದ ನೆಂಟರ ಮನೆಯಿಂದ ಎಂದೋ ಬಂದು ಸೇರಿದ್ದ ಐದಾರು ತೋಟೆಗಳು 20 ಬೋರಿನವು. ಎರಡು ಬೋರಿನ ತೋಟೆಗಳೂ ಒಂದೇ ಡಬ್ಬದಲ್ಲಿದ್ದವು. ಹಗಲಿನಲ್ಲಿ ಪಕ್ಕಪಕ್ಕದಲ್ಲಿಟ್ಟರೆ ಮಗುವಿಗೂ ವ್ಯತ್ಯಾಸ ಕಾಣಿಸುತ್ತಿತ್ತು. ಮುಸ್ಸಂಜೆಯಲ್ಲಿ, ಒಂಟಿಯಾಗಿ ಕೈಗೆ ಸಿಕ್ಕ ತೋಟೆಯ ಗಾತ್ರವನ್ನು ಯಾವುದಕ್ಕೆ ಹೋಲಿಸಿ ಅಳೆಯುವುದು?

ಆ ರಾತ್ರಿಯ ಬಳಿಕ ಈ ವಿಷಯವನ್ನು ಕುರಿತು ಕೇಳುತ್ತ, ಓದುತ್ತ, ಬಲ್ಲವರನ್ನು ಪೀಡಿಸುತ್ತ ಬಂದಿದ್ದೇನೆ. ನಮ್ಮ ಅಟ್ಟಣೆಯ ಮೇಲೆ ನಡೆಯುವುದರಲ್ಲಿದ್ದ ಅನಾಹುತವು ಕೋವಿಯ ಲೋಕದಲ್ಲಿ ಅತ್ಯಂತ ಪ್ರಸಿದ್ಧವಾದದ್ದೆಂದೂ, ಇಂಗ್ಲೆಂಡ್ ಅಮೆರಿಕಗಳ ಬೇಟೆಗಾರರಿಗೆ ಅದು ತಲೆಮಾರುಗಳಿಂದ ಪರಿಚಿತವೆಂದೂ ತಿಳಿದಾಗ, ಪರಿಚಿತವಾದ ಅಪಾಯವು ನಮ್ಮ ಹಳ್ಳಿಗಳಲ್ಲಿ ಮಾತ್ರ ಇಷ್ಟು ಅಪರಿಚಿತವಾಗಿ ಉಳಿದದ್ದೇಕೆಂದು ವ್ಯಥೆಯಾಯಿತು.

ಕಾರಣ ಒಂದೇ ಒಂದು ಅಂಕಿಯಲ್ಲಿದೆ. ಇಪ್ಪತ್ತು ಹನ್ನೆರಡಕ್ಕಿಂತ ದೊಡ್ಡದು ಎಂಬುದು ಲೋಕದ ಲೆಕ್ಕ. ಇಪ್ಪತ್ತರ ತೋಟೆ ಹನ್ನೆರಡರ ನಳಿಗೆಗೆ ಹಿಡಿಯದೆ ಹೊರಗೇ ನಿಲ್ಲುವುದೆಂದು, ಅಂಕಿಯನ್ನು ಓದಿದವನೂ ಭಾವಿಸುತ್ತಾನೆ. ವಾಸ್ತವ ಇದಕ್ಕೆ ತದ್ವಿರುದ್ಧ.

ದೊಡ್ಡಬಳ್ಳಾಪುರದ ನೇಕಾರನು ಬಲ್ಲ ಗಣಿತ

ಈ ವಿಪರೀತ ಗಣಿತವನ್ನು ಅರ್ಥಮಾಡಿಕೊಳ್ಳಲು ದೂರ ಹೋಗಬೇಕಾಗಿಲ್ಲ. ನಮ್ಮ ತಾಲ್ಲೂಕು ಕೇಂದ್ರವಾದ ದೊಡ್ಡಬಳ್ಳಾಪುರದ ಯಾವುದೇ ಮಗ್ಗದ ಮನೆಯ ಬಾಗಿಲಲ್ಲಿ ನಿಂತು ಕೇಳಿದರೆ ಸಾಕು.

ಹತ್ತಿಯ ನೂಲಿಗೆ ನೇಕಾರರು ಹೇಳುವುದು ಕೌಂಟಿನ ಲೆಕ್ಕ. 840 ಗಜ ಉದ್ದದ ಲಡಿಗಳು ಒಂದು ಪೌಂಡು ತೂಕಕ್ಕೆ ಎಷ್ಟು ತೂಗುತ್ತವೆಯೋ ಅದೇ ಆ ನೂಲಿನ ಕೌಂಟು. ಒಂದು ಪೌಂಡಿಗೆ ಇಪ್ಪತ್ತೇ ಲಡಿ ಬಂದರೆ ನೂಲು ದಪ್ಪ. ನೂರು ಲಡಿ ಬಂದರೆ ನೂಲು ನವುರು. ಅಂಕಿ ಏರಿದಂತೆ ಎಳೆ ಸಣ್ಣದಾಗುತ್ತದೆ.

ಕೋವಿಯ ಬೋರು ಎಂಬುದೂ ಅಕ್ಷರಶಃ ಇದೇ ಲೆಕ್ಕ. ನಳಿಗೆಯ ಒಳವ್ಯಾಸಕ್ಕೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆಯೋ ಅಷ್ಟು ಬೋರು. ಹನ್ನೆರಡು ತೂಗಿದರೆ ಒಂದೊಂದು ಗುಂಡೂ 37.8 ಗ್ರಾಂ, ನಳಿಗೆಯ ಒಳವ್ಯಾಸ 18.5 ಮಿಲಿಮೀಟರು. ಅದೇ ಒಂದು ಪೌಂಡಿನಲ್ಲಿ ಇಪ್ಪತ್ತು ಗುಂಡುಗಳನ್ನು ಮಾಡಬೇಕಾದರೆ ಒಂದೊಂದಕ್ಕೂ ಸಿಗುವ ಸೀಸ 22.7 ಗ್ರಾಂ ಮಾತ್ರ, ನಳಿಗೆಯೂ 15.6 ಮಿಲಿಮೀಟರಿಗೆ ಇಳಿಯುತ್ತದೆ.

ಅದೇ ಮಗ್ಗದ ಮನೆಯಲ್ಲಿ ರೇಷ್ಮೆಯ ಎಳೆಗೆ ಹೇಳುವ ಡೆನಿಯರ್ ಲೆಕ್ಕ ಬೇರೆ. ಅಲ್ಲಿ 9,000 ಮೀಟರು ಎಳೆಯ ತೂಕ ಎಷ್ಟು ಗ್ರಾಮೋ ಅಷ್ಟು ಡೆನಿಯರ್. ಅಂಕಿ ಏರಿದರೆ ಎಳೆಯೂ ದಪ್ಪ. ರೈಫಲು ಪಿಸ್ತೂಲುಗಳ ಕ್ಯಾಲಿಬರ್ ರೇಷ್ಮೆಯ ಲೆಕ್ಕದಂತೆ ನೇರ. ಬೇಟೆಕೋವಿಯ ಬೋರು ಹತ್ತಿಯ ಲೆಕ್ಕದಂತೆ ತಿರುವು. ಎರಡನ್ನೂ ದಿನನಿತ್ಯ ಬಳಸುವ ನಮ್ಮ ನೇಕಾರನು ಒಮ್ಮೆಯೂ ಗೊಂದಲಕ್ಕೀಡಾಗುವುದಿಲ್ಲ. ವರ್ಷಕ್ಕೊಮ್ಮೆ ಕೋವಿಯನ್ನು ಹೊರತೆಗೆಯುವ ರೈತನು ಗೊಂದಲಗೊಂಡರೆ ಆಶ್ಚರ್ಯವೇನು?

ಪೌಂಡಿನ ಈ ಲೆಕ್ಕ ಫಿರಂಗಿಗಳ ಕಾಲದ್ದು. 1791ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯವು ನಮ್ಮ ಕಣ್ಣೆದುರಿನ ನಂದಿದುರ್ಗವನ್ನು ಮುತ್ತಿದಾಗ ಆ ದಂಡಿನ ಫಿರಂಗಿಗಳಿಗೆ ಇದ್ದ ಹೆಸರುಗಳೆಲ್ಲ ಗುಂಡಿನ ತೂಕದಿಂದಲೇ ಬಂದವು: ಹನ್ನೆರಡು ಪೌಂಡಿನದು, ಹದಿನೆಂಟು ಪೌಂಡಿನದು ಎಂದು. ಒಂದು ಗುಂಡಿಗೆ ಅನೇಕ ಪೌಂಡು ಎಂಬುದು ಫಿರಂಗಿಯ ಹೆಸರು. ಒಂದು ಪೌಂಡಿಗೆ ಅನೇಕ ಗುಂಡು ಎಂಬುದು ಕೈಕೋವಿಯ ಹೆಸರು. ಬಾಯಿಯಿಂದ ಮದ್ದು ತುಂಬುತ್ತಿದ್ದ ಆ ಕಾಲದಲ್ಲಿ ಅಳತೆ ತಪ್ಪಿದ ಗುಂಡು ಬಹುಮಟ್ಟಿಗೆ ತನ್ನನ್ನು ತಾನೇ ತೋರಿಸಿಕೊಳ್ಳುತ್ತಿತ್ತು. ದೊಡ್ಡದಾದರೆ ಇಳಿಯುತ್ತಿರಲಿಲ್ಲ, ಚಿಕ್ಕದಾದರೆ ಸಡಿಲವಾಗಿ ಉರುಳುತ್ತಿತ್ತು. ಹಿಂದಿನಿಂದ ತೋಟೆ ತುಂಬುವ ಕೋವಿ ಬಂದ ಮೇಲೆ ತಪ್ಪಿಗೆ ಅಡಗಿಕೊಳ್ಳಲು ಒಂದು ಕತ್ತಲೆಯ ಕೋಣೆ ದೊರೆಯಿತು.

———
ಬೋರು ಎಷ್ಟು, ನಳಿಗೆ ಎಷ್ಟು?
12 ಬೋರು: ಒಳವ್ಯಾಸ 18.5 ಮಿ.ಮೀ.
16 ಬೋರು: 16.8 ಮಿ.ಮೀ.
20 ಬೋರು: 15.6 ಮಿ.ಮೀ.
410: ಇದನ್ನೂ ಬೋರು ಎಂದೇ ಕರೆಯುವ ವಾಡಿಕೆಯಿದ್ದರೂ ಇದು ಪೌಂಡಿನ ಲೆಕ್ಕವಲ್ಲ; .410 ಅಂಗುಲ, ಅಂದರೆ 10.4 ಮಿ.ಮೀ. ಪೌಂಡಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 67 ಬೋರು ಎನ್ನಬೇಕಾಗುತ್ತಿತ್ತು.
———

ಬಿಗಿಯಾದದ್ದಲ್ಲ, ಸಡಿಲವಾದದ್ದು

ದೊಡ್ಡ ತೋಟೆ ಚಿಕ್ಕ ನಳಿಗೆಗೆ ಹೋಗುವುದಿಲ್ಲ; ಅಲ್ಲಿಗೆ ಆ ತಪ್ಪು ಮುಗಿಯಿತು. ಆದುದರಿಂದ ಇಲ್ಲಿ ಭಯಪಡಬೇಕಾದದ್ದು ಹಿಡಿಯದ ತೋಟೆಗಲ್ಲ, ಸರಾಗವಾಗಿ ಒಳಸರಿದುಹೋಗುವ ತೋಟೆಗೆ.

ತೋಟೆಯ ಬುಡದಲ್ಲಿ ಹಿತ್ತಾಳೆಯ ಅಂಚು ಇರುತ್ತದಷ್ಟೆ. ನಳಿಗೆಯ ಹಿಂಬದಿಯಲ್ಲಿ ಅದಕ್ಕೆಂದೇ ಕೊರೆದ ಮೆಟ್ಟಿಲಿನ ಮೇಲೆ ಆ ಅಂಚು ಕುಳಿತು ತೋಟೆಯನ್ನು ಮುಂದಕ್ಕೆ ಜಾರದಂತೆ ಹಿಡಿಯಬೇಕು. 20 ಬೋರಿನ ತೋಟೆಯ ಅಂಚಿನ ವ್ಯಾಸ ಸುಮಾರು 19.4 ಮಿಲಿಮೀಟರು. 12 ಬೋರಿನ ಕೋವಿಯಲ್ಲಿ ತೋಟೆ ಕೂರುವ ಮನೆಯ ಒಳಗಲ ಇಪ್ಪತ್ತು ಮಿಲಿಮೀಟರಿಗೆ ತುಸು ಮೇಲೆ. ಆದ್ದರಿಂದ ಚಿಕ್ಕ ತೋಟೆಯು ಅಂಚುಸಮೇತ ಮೆಟ್ಟಿಲನ್ನು ದಾಟಿ ಒಳಗೆ ಜಾರುತ್ತದೆ. ಹಾಗೆಂದು ನಳಿಗೆಯನ್ನು ಹಾಯ್ದು ಆಚೆ ಬೀಳುವುದೂ ಇಲ್ಲ. ಏಕೆಂದರೆ ಮನೆಯು ಮುಗಿದು ನಳಿಗೆ ಆರಂಭವಾಗುವ ಕೊರಳಿನಲ್ಲಿ ದಾರಿ 18.5 ಮಿಲಿಮೀಟರಿಗೆ ಕಿರಿದಾಗುತ್ತದೆ. ಇಪ್ಪತ್ತಕ್ಕಿಂತ ಕಡಿಮೆ, ಹದಿನೆಂಟೂವರೆಗಿಂತ ಹೆಚ್ಚು. ಈ ಒಂದೂವರೆ ಮಿಲಿಮೀಟರಿನ ನಡುವೆ ಸಿಕ್ಕಿಬಿದ್ದ ತೋಟೆ ನಳಿಗೆಗೆ ಬಿರಡೆಯಾಗಿ ನಿಲ್ಲುತ್ತದೆ.

ಅದರ ಹಿಂದೆ ಉಳಿಯುವ ಜಾಗವು 12 ಬೋರಿನ ಒಂದು ತೋಟೆ ಹಿಡಿಯುವಷ್ಟು ಇರುತ್ತದೆಂಬುದೇ ಈ ದುರಂತದ ಕ್ರೂರವಾದ ಕುಶಲತೆ. ಕೋವಿ ಮುಚ್ಚಿಕೊಳ್ಳುತ್ತದೆ, ಎಲ್ಲವೂ ಸರಿಯಾಗಿದೆಯೆಂದು ಕೈಗೆ ತೋರುತ್ತದೆ. 12 ಬೋರಿನ ತೋಟೆಗೆ ಯೂರೋಪಿನ ಮಾನದಂಡವು ಅನುಮತಿಸುವ ಸಾಧಾರಣ ಒತ್ತಡವೇ 740 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಏಳುನೂರು ಪಟ್ಟಿಗೂ ಹೆಚ್ಚು. ಚರೆಗಳನ್ನು ಮುಂದಕ್ಕೆ ನೂಕಿ ಹರಡಿಹೋಗಬೇಕಾದ ಆ ಒತ್ತಡಕ್ಕೆ ದಾರಿ ಕಟ್ಟಿದಾಗ ಉಕ್ಕಿನ ನಳಿಗೆ ಹಣ್ಣಿನ ಸಿಪ್ಪೆಯಂತೆ ಸುಲಿದು ತೆರೆದುಕೊಳ್ಳುತ್ತದೆ. ಅದು ಬಿರಿಯುವ ಸ್ಥಳವೂ ಬಹುಪಾಲು ನಿಶ್ಚಿತ: ಕೊರಳಿನ ಸುತ್ತ, ಕೋವಿ ಹಿಡಿದವನ ಎಡಗೈ ನಳಿಗೆಯನ್ನು ಆತುಕೊಂಡಿರುವ ಕಡೆ. ಹೀಗೆ ಎಡಗೈಯ ಬೆರಳುಗಳನ್ನು ಕಳೆದುಕೊಂಡವರು ಲೋಕದಲ್ಲಿ ಅನೇಕರು.

ಇದನ್ನು ತಡೆಯಲೆಂದೇ ಅಮೆರಿಕದ ತಯಾರಕರು 20 ಬೋರಿನ ತೋಟೆಗೆ ಹಳದಿ ಬಣ್ಣವನ್ನು ಮೀಸಲಿಟ್ಟರು. ಬಣ್ಣ ಹಗಲಿಗೆ ಒಳ್ಳೆಯ ಉಪಾಯವೇ. ಆದರೆ ಅಜ್ಜನ ಕಾಲದ ಕಾಗದದ ತೋಟೆಗಳು ಎಲ್ಲ ಬಣ್ಣಗಳಲ್ಲಿಯೂ ಬರುತ್ತಿದ್ದವು. ಮೇಲಾಗಿ ಇರುಳಿನ ಅಟ್ಟಣೆಯ ಮೇಲೆ ಎಲ್ಲ ಬಣ್ಣವೂ ಒಂದೇ.

ತಪ್ಪು ತೋಟೆಯ ಇನ್ನೊಂದು ಬಗೆ ಇದಕ್ಕಿಂತ ಸೂಕ್ಷ್ಮ. ಬೋರು ಸರಿಯಾಗಿಯೇ ಇದ್ದು ಉದ್ದ ತಪ್ಪುವುದು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟೆಯ ಮನೆ ಎರಡೂವರೆ ಅಂಗುಲ, ಎಂದರೆ ಸುಮಾರು 65 ಮಿಲಿಮೀಟರು. ಈಗಿನ ಸಾಮಾನ್ಯ ತೋಟೆ 70 ಮಿಲಿಮೀಟರಿನದು. ಈ 70 ಎಂಬುದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯ ಉದ್ದ. ಹಾರುವ ಮುನ್ನ ಬಾಯಿ ಮಡಿಸಿಕೊಂಡಿರುವುದರಿಂದ ಅದು ಹಳೆಯ ಮನೆಯಲ್ಲಿಯೂ ಹಿಡಿಯುತ್ತದೆ. ಈಡು ಹಾರಿದೊಡನೆ ಬಿಚ್ಚಿಕೊಂಡ ಬಾಯಿ ಕೊರಳಿಗೆ ಚಾಚಿ ದಾರಿಯನ್ನು ಕಿರಿದುಮಾಡಿ ಒತ್ತಡವನ್ನೇರಿಸುತ್ತದೆ. ಹಳೆಯ ಡಮಾಸ್ಕಸ್ ನಳಿಗೆಗಳ ಮಾತು ಇನ್ನೂ ಗಂಭೀರ. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೊಸೆದು ಸುತ್ತಿ ಬೆಸೆದ, ನೋಡಲು ರೇಷ್ಮೆ ಸೀರೆಯ ಒಡಲಿನಂತೆ ಸುಂದರವಾದ ಆ ನಳಿಗೆಗಳಲ್ಲಿ ಎಷ್ಟೋ ಕಪ್ಪುಮದ್ದಿನ ಕಾಲಕ್ಕೆ ಮಾತ್ರ ಪರೀಕ್ಷೆಗೊಂಡವು. ಫ್ರಾನ್ಸಿನ ಪಾಲ್ ವಿಯೇಲ್ 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಬಳಿಕ ತೋಟೆಗಳ ಸ್ವಭಾವವೇ ಬದಲಾಯಿತು. ಗೋಡೆಗೆ ತೂಗುಹಾಕಿದ ಕೋವಿಗೆ ಆ ಸುದ್ದಿ ತಲುಪಲಿಲ್ಲ.

ಇವೆಲ್ಲವೂ ನಳಿಗೆಯ ಮೇಲೆ ಬರೆದಿರುತ್ತವೆಂಬುದನ್ನು ಎಷ್ಟು ಮಂದಿ ಬಲ್ಲರು? ಲಂಡನ್ನಿನಲ್ಲಿ 1637ರಿಂದಲೂ ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದಲೂ ನಳಿಗೆ ಪರೀಕ್ಷೆಯ ಸಂಸ್ಥೆಗಳಿವೆ. ಹೆಚ್ಚಿನ ಒತ್ತಡದ ಈಡು ಹಾರಿಸಿ ನೋಡಿ, ತಾಳಿಕೊಂಡ ನಳಿಗೆಗೆ ಮಾತ್ರ ಮುದ್ರೆಯೊತ್ತುವುದು ಅವುಗಳ ಕೆಲಸ. ಕೋವಿಯನ್ನು ಮಡಿಸಿ, ನಳಿಗೆಗಳನ್ನು ಕಳಚಿ ತಿರುಗಿಸಿದರೆ, ಬುಡದ ಚಪ್ಪಟೆಯ ಭಾಗದಲ್ಲಿ ಆ ಮುದ್ರೆಗಳೂ ಬೋರಿನ ಅಂಕಿಯೂ ಕಾಣಿಸುತ್ತವೆ. ನಮ್ಮ ಮಾವ ಇಪ್ಪತ್ತು ವರ್ಷ ಆ ಕೋವಿಗೆ ಕುಂಕುಮವಿಟ್ಟಿದ್ದರು. ಆ ಅಂಕಿಯನ್ನು ಅವರು ಮೊದಲ ಬಾರಿಗೆ ನೋಡಿದ್ದು ಮರುದಿನ, ರಿಪೇರಿ ಬಲ್ಲವರೊಬ್ಬರು ಬಂದು ಸಿಕ್ಕಿಕೊಂಡಿದ್ದ ತೋಟೆಯನ್ನು ಬಿಡಿಸಿ ಕೈಗಿಟ್ಟ ಮೇಲೆ.

ಹೆಸರು ಒಂದು, ಅಳತೆ ಇನ್ನೊಂದು

ರೈಫಲುಗಳ ಕಡೆಗೆ ತಿರುಗಿದರೆ ಲೆಕ್ಕ ನೇರವಾದರೂ ಹೆಸರುಗಳನ್ನು ನಂಬುವಂತಿಲ್ಲ. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ .303ರ ಗುಂಡಿನ ವ್ಯಾಸ .311 ಅಂಗುಲದ ಆಸುಪಾಸಿನದು. .38 ರಿವಾಲ್ವರಿನ ಪ್ರಸಿದ್ಧ ತೋಟೆಯೊಂದರ ಗುಂಡು .357. ಜಿಮ್ ಕಾರ್ಬೆಟ್ಟರ ಕೈಯಲ್ಲಿ ಖ್ಯಾತಿ ಪಡೆದ .275 ರಿಗ್ಬಿಯ ತೋಟೆ ಜರ್ಮನಿಯ 7 ಮಿಲಿಮೀಟರ್ ಮೌಸರಿನ ತೋಟೆಯೇ. ಒಂದೇ ವಸ್ತುವಿಗೆ ಎರಡು ಹೆಸರು.

ಬೆಂಗಳೂರಿನಲ್ಲಿ ಬಾಳಿ, ಮಾಗಡಿಯಿಂದ ಮಲೆನಾಡಿನವರೆಗೆ ಕಾಡು ಅಲೆದ ಕೆನೆತ್ ಆಂಡರ್ಸನ್ನರ ಹೆಸರು, ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕಿಳಿಸಿದ ಕಾಡಿನ ಕಥೆಗಳ ಮೂಲಕ, ನಮ್ಮ ಮನೆಮಾತಾಗಿದೆ. ಅವರ ನೆಚ್ಚಿನ ರೈಫಲು .405 ವಿಂಚೆಸ್ಟರ್. ಹಕ್ಕಿ ಹೊಡೆಯುವ ಸಣ್ಣ ಕೋವಿ .410. ಅಂಕಿಗಳಲ್ಲಿ ಕೂದಲೆಳೆಯ ಅಂತರ. ಒಂದು ಹುಲಿಯನ್ನು ಕೆಡಹುವ ಭಾರಿ ರೈಫಲು, ಇನ್ನೊಂದು ಚಿಟಿಕೆ ಚರೆಗಳನ್ನೆರಚುವ ಸಣ್ಣಕೋವಿ. ಅಂಕಿಯ ಸಾಮೀಪ್ಯವನ್ನು ನಂಬಿ ತೋಟೆಯನ್ನಾರಿಸುವುದು ಎಷ್ಟು ಅಪಾಯವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಈ ಕಾಲದಲ್ಲಿಯೂ ಇದು ನಿಂತಿಲ್ಲ. ಅಮೆರಿಕದಲ್ಲಿ 2011ರಲ್ಲಿ ಮಾನ್ಯತೆ ಪಡೆದ .300 ಬ್ಲ್ಯಾಕೌಟ್ ಎಂಬ ತೋಟೆಯನ್ನು, ಅಲ್ಲಿ ಬಹು ಪ್ರಚಲಿತವಾದ .223 ರೈಫಲಿನ ಮ್ಯಾಗಜೀನಿನಲ್ಲಿಯೇ ತುಂಬಬಹುದು. ಬುಡದ ಅಳತೆ ಒಂದೇ; ಗುಂಡು ಮಾತ್ರ ನಳಿಗೆಗಿಂತ ಎರಡು ಮಿಲಿಮೀಟರಿನಷ್ಟು ದಪ್ಪ. ಎರಡು ಬಗೆಯ ರೈಫಲುಗಳನ್ನೂ ಎರಡು ಬಗೆಯ ತೋಟೆ ತುಂಬಿದ ಮ್ಯಾಗಜೀನುಗಳನ್ನೂ ಒಂದೇ ಮೇಜಿನ ಮೇಲಿಟ್ಟುಕೊಂಡು ಗುರಿಯಭ್ಯಾಸಕ್ಕೆ ನಿಂತವರ ಕೈಯಲ್ಲಿ ರೈಫಲುಗಳು ಸಿಡಿದಿವೆ. ನಮ್ಮ ಬಿಸ್ಕತ್ತು ಡಬ್ಬಕ್ಕೂ ಆ ಮೇಜಿಗೂ ಏನು ವ್ಯತ್ಯಾಸ?

———
.315 ಎಲ್ಲಿಂದ ಬಂತು?
ಸೈನ್ಯದ .303 ತೋಟೆ ಜನರ ಕೈಗೆ ಸಿಗಬಾರದೆಂಬುದು ಬ್ರಿಟಿಷ್ ಸರ್ಕಾರದ ನೀತಿಯಾಗಿತ್ತು. ನಾಗರಿಕರಿಗಾಗಿ ಬೇರೆ ಅಳತೆ ಬೇಕಾಯಿತು. ಆಸ್ಟ್ರಿಯಾದ 8 ಮಿ.ಮೀ. ಮಾನ್ಲಿಷರ್ ತೋಟೆಯ ಮೂಲದಿಂದ .315 ರೂಪುಗೊಂಡಿತು. ಬಂಗಾಳದ ಈಶಾಪುರದ ಸರ್ಕಾರಿ ಕಾರ್ಖಾನೆ ತಯಾರಿಸಿದ .315 ರೈಫಲು ಇಂದಿಗೂ ಭಾರತದ ಪರವಾನಗಿದಾರರ ಪರಿಚಿತ ಆಯುಧ. ತೋಟೆಯ ಅಳತೆಯೇ ಇಲ್ಲಿ ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವಿನ ಗೆರೆಯಾಗಿತ್ತು.
———

ಯಾರೂ ಕೇಳದ ಪ್ರಶ್ನೆ

ಅಟ್ಟಣೆಯ ಮೇಲೆ ಆ ಮುದುಕರು ಕೇಳಿದ ಪ್ರಶ್ನೆಯ ಬೆಲೆ ನನಗೆ ಪೂರ್ತಿಯಾಗಿ ತಿಳಿದದ್ದು, ಅಮೆರಿಕದ ನಟ ಬ್ರ್ಯಾಂಡನ್ ಲೀಯ ಮರಣದ ವೃತ್ತಾಂತವನ್ನು ಓದಿದಾಗ.

1993ರ ಮಾರ್ಚ್ 31ರಂದು ಚಿತ್ರೀಕರಣದ ನಡುವೆ ಆತನು ಗುಂಡು ತಗುಲಿ ಮೃತನಾದನು. ಕೆಲವು ದಿನಗಳ ಹಿಂದೆ ಅದೇ ರಿವಾಲ್ವರಿನಲ್ಲಿ, ಸಮೀಪದ ದೃಶ್ಯಕ್ಕೆಂದು, ಮದ್ದು ತೆಗೆದ ತೋರಿಕೆಯ ತೋಟೆಗಳನ್ನು ತುಂಬಿದ್ದರು. ಅವುಗಳಲ್ಲೊಂದರ ಕೇಪು ಸಿಡಿದು, ಗುಂಡು ತೋಟೆಯಿಂದ ಕಳಚಿ ನಳಿಗೆಯೊಳಗೆ ಸಿಕ್ಕಿಕೊಂಡಿತು. ತೋಟೆಯನ್ನು ಹೊರತೆಗೆದಾಗ ಅದರ ಮೂತಿಯಲ್ಲಿ ಗುಂಡು ಇರಲಿಲ್ಲ. ಹಾಗಾದರೆ ಅದು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಬಳಿಕ ಗುಂಡಿಲ್ಲದ ಬರಿಯ ಮದ್ದಿನ ತೋಟೆಯನ್ನು ತುಂಬಿ ಹಾರಿಸಿದಾಗ, ನಳಿಗೆಯಲ್ಲಿ ಕಾದು ಕುಳಿತಿದ್ದ ಗುಂಡನ್ನು ಆ ಮದ್ದು ಹೊರದೂಡಿತು. ಎರಡು ತೋಟೆಗಳೂ ತಮ್ಮಷ್ಟಕ್ಕೆ ಕೊಲ್ಲುವಂಥವಲ್ಲ. ಎರಡೂ ಕೂಡಿ ಒಂದು ಪೂರ್ಣ ತೋಟೆಯಾದವು.

2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೋದಲ್ಲಿ 'ರಸ್ಟ್' ಚಿತ್ರದ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಪ್ರಾಣ ಕಳೆದುಕೊಂಡದ್ದೂ ತೋರಿಕೆಯ ತೋಟೆಗಳ ನಡುವೆ ಸೇರಿಹೋಗಿದ್ದ ಒಂದು ನಿಜವಾದ ತೋಟೆಯಿಂದ. ವೃತ್ತಿಯ ನುರಿತವರು ನೆರೆದಿದ್ದ ಸ್ಥಳಗಳಲ್ಲಿಯೇ ಹೀಗಾಗುವುದಾದರೆ, ವರ್ಷಕ್ಕೆ ನಾಲ್ಕು ಈಡು ಹಾರಿಸುವ ರೈತನನ್ನು ದೂಷಿಸಲು ನನಗೆ ಮನಸ್ಸು ಬಾರದು.

ಕೋವಿ ಬಂತು, ವಿದ್ಯೆ ಬರಲಿಲ್ಲ

ನಮ್ಮ ಸೀಮೆಯಲ್ಲಿ ಕೋವಿಯನ್ನು ಹಿರಿಯರು ತುಪಾಕಿ ಎನ್ನುತ್ತಿದ್ದರು. ಒಂದು ಊರಿಗೆ ಒಂದೋ ಎರಡೋ ತುಪಾಕಿ. ಪಟೇಲರ ಮನೆಯಲ್ಲಿ ಒಂದು, ಉಳ್ಳ ರೈತನ ಮನೆಯಲ್ಲಿ ಒಂದು. ಇಷ್ಟು ವಿರಳವಾದ ವಸ್ತುವಿನ ಸುತ್ತ ವಿದ್ಯೆ ಬೆಳೆಯುವುದಿಲ್ಲ. ಭಯ ಬೆಳೆಯುತ್ತದೆ, ಗೌರವ ಬೆಳೆಯುತ್ತದೆ, ವರ್ಷಕ್ಕೊಮ್ಮೆ ಪೂಜೆ ನಡೆಯುತ್ತದೆ.

ಕೊಡಗಿನ ಸಂಗತಿ ಬೇರೆ. ಅಲ್ಲಿ ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂವನ್ನು ಮುಡಿಸಿ ಪೂಜೆ ಮಾಡಿದವರು ಆ ಬಳಿಕ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಮರಣಕ್ಕೆ ಎರಡು ಈಡು ಎಂಬುದು ಕೊಡವರ ಸಂಪ್ರದಾಯ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಪೂಜೆಯೊಡನೆ ಅಭ್ಯಾಸವೂ ಉಳಿದುಬಂದ ನಾಡು ಅದು. ನಮ್ಮಲ್ಲಿ ಪೂಜೆ ಉಳಿಯಿತು, ಅಭ್ಯಾಸ ಉಳಿಯಲಿಲ್ಲ. ನನ್ನ ಮನಸ್ಸಿಗೆ ಅತ್ಯಂತ ಕಳವಳವನ್ನುಂಟುಮಾಡುವುದು ಈ ಅಂತರವೇ.

———
ಹಲಗಲಿಯಿಂದ ಇಂದಿನವರೆಗೆ
1857: ನಿಶ್ಶಸ್ತ್ರೀಕರಣದ ಕಾಯಿದೆಗೆ ತಲೆಬಾಗದ ಹಲಗಲಿಯ ಬೇಡರ ಮೇಲೆ ನವೆಂಬರ್ ತಿಂಗಳಲ್ಲಿ ಬ್ರಿಟಿಷ್ ಸೈನ್ಯದ ದಾಳಿ; ಊರಿಗೆ ಬೆಂಕಿ, ಬಳಿಕ 19 ಮಂದಿಗೆ ಗಲ್ಲು.
1878: ಲಾರ್ಡ್ ಲಿಟ್ಟನ್ ಕಾಲದ ಆಯುಧ ಕಾಯಿದೆ.
1959: ಈಗಿನ ಆಯುಧ ಕಾಯಿದೆ, ಜಾರಿಗೆ ಬಂದದ್ದು 1962ರ ಅಕ್ಟೋಬರ್ 1. ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಗೆ 13ನೆಯ ವಿಧಿಯಲ್ಲಿ ಅವಕಾಶ.
2016: ಹೊಸ ನಿಯಮಗಳಲ್ಲಿ ಸುರಕ್ಷತಾ ತರಬೇತಿಯ ಸೇರ್ಪಡೆ.
2019: ತಿದ್ದುಪಡಿಯ ಪ್ರಕಾರ, ಸಂಭ್ರಮಕ್ಕಾಗಿ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.
———

ಬೆಳೆ ಕಾಯುವ ಕೋವಿಯ ಉಪಯೋಗವೂ ಈಗ ಬಹಳ ಕಿರಿದಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ, ಅನುಮತಿಯಿಲ್ಲದೆ ಹಂದಿಯನ್ನು ಹೊಡೆಯುವಂತಿಲ್ಲ. ಸದ್ದು ಮಾಡಿ ಓಡಿಸುವುದಕ್ಕೆ ತಮಟೆಯೂ ಪಟಾಕಿಯೂ ಸಾಕು. ದೊಡ್ಡಬೆಳವಂಗಲದ ಸುತ್ತ ಹೊಲಗಳ ನಡುವೆ ಬಡಾವಣೆಯ ಕಲ್ಲುಗಳು ಎದ್ದಿವೆ, ರಸ್ತೆಯಲ್ಲಿ ರಾತ್ರಿಯೆಲ್ಲ ಲಾರಿಗಳ ಸಾಲು. ಕೋವಿಯ ಕೆಲಸ ಕಡಿಮೆಯಾದಷ್ಟೂ ಅದರ ಅಪಾಯ ಹೆಚ್ಚಾಯಿತೆಂದೇ ನನ್ನ ತೀರ್ಮಾನ. ಏಕೆಂದರೆ ನಿತ್ಯ ಬಳಸುವವನ ಕೈ ತಪ್ಪನ್ನು ತಾನೇ ಅರಿಯುತ್ತದೆ, ವರ್ಷಕ್ಕೊಮ್ಮೆ ಮುಟ್ಟುವವನ ಕೈ ಅರಿಯದು. ಅಜ್ಜ ಸತ್ತಾಗ ಕೋವಿಯ ಪರವಾನಗಿಯು ಮಾವನ ಹೆಸರಿಗೆ ಬಂದಿತು. ಡಬ್ಬದಲ್ಲಿದ್ದ ತೋಟೆಗಳು ಯಾವುವು, ಎಷ್ಟು ಹಳೆಯವು, ಯಾವ ಕೋವಿಯವು ಎಂಬ ತಿಳಿವಳಿಕೆ ಅಜ್ಜನೊಡನೆಯೇ ಮಣ್ಣಾಯಿತು.

ಮಾವ ಈಗಿಲ್ಲ. ಆ ಕೋವಿಯನ್ನು ಅವರೇ, ತಮ್ಮ ಕೊನೆಯ ವರ್ಷಗಳಲ್ಲಿ, ಠಾಣೆಗೆ ಒಪ್ಪಿಸಿ ರಸೀತಿ ಪಡೆದರು. ಮುದುಕರ ಹೊಲದಲ್ಲಿ ಈಗ ಅವರ ಮೊಮ್ಮಗನು ರಾಗಿಯನ್ನೇ ಬಿತ್ತುತ್ತಿದ್ದಾನೆ.

ಆಯುಧಪೂಜೆ ಪ್ರತಿವರ್ಷವೂ ಬರುತ್ತದೆ. ಮನೆಯಲ್ಲಿ ಹಿರಿಯರ ಕೋವಿಯಿದ್ದು, ಅದಕ್ಕೆ ಹೂವೇರಿಸುವ ಪದ್ಧತಿಯುಳ್ಳವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಡಬ್ಬದಲ್ಲಿರುವ ತೋಟೆಗಳನ್ನು ಹಗಲು ಬೆಳಕಿನಲ್ಲಿ ಸುರಿದು, ಬುಡದ ಅಂಕಿಯನ್ನು ಒಂದೊಂದಾಗಿ ಓದಿ. ನಳಿಗೆಯ ಅಂಕಿಯೊಡನೆ ಕೂಡದವನ್ನೂ, ಅಂಕಿ ಅಳಿಸಿಹೋದವನ್ನೂ, ತೇವಕ್ಕೆ ಉಬ್ಬಿದವನ್ನೂ ಬೇರ್ಪಡಿಸಿ, ಮನೆಯಲ್ಲಿಟ್ಟುಕೊಳ್ಳದೆ ಪರವಾನಗಿ ಪಡೆದ ಅಂಗಡಿಗೋ ಠಾಣೆಗೋ ತಿಳಿಸಿ ಒಪ್ಪಿಸಿ. ನಳಿಗೆಯ ಅಂಕಿ ನಿಮಗೆ ಓದಲು ಬಾರದಿದ್ದರೆ ಬಲ್ಲವರಿಗೆ ತೋರಿಸುವವರೆಗೆ ಒಂದು ಈಡನ್ನೂ ಹಾರಿಸಬೇಡಿ. ಮತ್ತು ಕುಂಕುಮವಿಡುವ ಮುನ್ನ ಕೋವಿಯನ್ನು ಮಡಿಸಿ, ಬಾಗಿಲ ಬಳಿ ಬೆಳಕಿಗೆ ಹಿಡಿದು, ಹಿಂಬದಿಯಿಂದ ಎರಡೂ ನಳಿಗೆಗಳೊಳಗೆ ಇಣುಕಿ, ಆಚೆಯ ಆಕಾಶ ದುಂಡಗೆ ಕಾಣಿಸುತ್ತಿದೆಯೇ ನೋಡಿ.